ಅಜ್ಜ ಪೂಜೆ ಮಾಡಿದ ಪಿಯಾನೊ

ನರಗುಂದ
೪ ನವೆಂಬರ್ ೧೯೫೪

ಪುಣೆಯಲ್ಲಿರುವವರಿಗೆ ಸುಶೀಲಾಳ ನಮಸ್ಕಾರಗಳು.

ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯಲೇಬೇಕು. ಒಳಗೂ ಬರೆದರೆ ಅತ್ತೆಯವರಿಗೆ ಸಿಟ್ಟು. ಅವರಿಗೆ ಓದಲು ಬರುವುದಿಲ್ಲ, ಆದರೂ ಹೇಗೋ ಗೊತ್ತಾಗಿಬಿಡುತ್ತದೆ.

ನೀವು ಕೇಳಿದ್ದು ಪಿಯಾನೊದ ಸುದ್ದಿ, ಅದನ್ನೇ ಮೊದಲು ಬರೆಯುತ್ತೇನೆ. ಗದಗಿನ ಮದರಸಾಬ ದಸರೆಯ ಮರುದಿನ ಬಂದು ನೋಡಿ ಹೋಗಿದ್ದನಲ್ಲ. ಅಂದು ಬಿಳಿ ಕರಿ ಪಟ್ಟಿಗಳ ಇಡೀ ಸಾಲನ್ನು ಗೂಡಿನಿಂದ ರೊಟ್ಟಿಬುಟ್ಟಿ ಎಳೆದಂತೆ ಹೊರಗೆಳೆದು, ಇಣುಕಿ, "ಹ್ಞೂಂ" ಎಂದು ಹೋಗಿದ್ದ. ಈಗ ಹತಾರುಗಳ ಚೀಲ ತಂದು ಪಡಸಾಲೆಯಲ್ಲಿ ಬೀಡುಬಿಟ್ಟಿದ್ದಾನೆ. ತಂತಿಗಳಿಗೆ ತುಕ್ಕು, ದನಿ ಕೊಡುವ ದೊಡ್ಡ ಹಲಗೆಗೆ ಸೀಳು, ತಂತಿ ಬಡಿಯುವ ಸುತ್ತಿಗೆಗಳ ಉಣ್ಣೆಯೆಲ್ಲ ನುಸಿಯ ಪಾಲು. ಮೂಲೆಯಲ್ಲಿ ಇಲಿ ಸಂಸಾರ ಮಾಡಿ ಬಿಟ್ಟುಹೋದ ಗೂಡು. ಇಷ್ಟು ಹೇಳಿ ಅವನು ಹೆದರಿಸಿದ. ನಾನು ಹೆದರಿದೆನೆಂದು ಖಾತ್ರಿಯಾದ ಮೇಲೆ ಮೀಸೆ ತೀಡಿದ.

"ಅಕ್ಕಾರ, ಇದು ಸತ್ತಿಲ್ಲರೀ. ನಿದ್ದಿ ಹತ್ತೇತಿ ಅಷ್ಟ. ಎಬ್ಬಿಸಾಂವ ಬೇಕಾಗಿತ್ತು, ಬಂದೇನಿ. ಪುಣೆ ಕ್ಯಾಂಪಿನಾಗ ಗೋರಾ ಸಾಹೇಬರ ಪಿಯಾನೊ ಎಷ್ಟ ಎಬ್ಬಿಸೇನಿ, ಲೆಕ್ಕ ಇಲ್ಲ."

ಅವನ ಮಾತಿನ ಮೇಲೆ ನನಗೆ ಅರ್ಧ ನಂಬಿಕೆ. ಪಟ್ಟಿಗಳ ಮೇಲಿನ ಆನೆದಂತದ ಚೂರುಗಳು ಅಲ್ಲಲ್ಲಿ ಎದ್ದಿವೆ. ಅವನು ಸಂಜೆ ಕೈಕಾಲು ತೊಳೆಯಲು ಹೋದಾಗ ನಾನು ಹೋಗಿ ಒಂದೂ ಕಾಣೆಯಾಗಿಲ್ಲವೆಂದು ಎಣಿಸಿಕೊಳ್ಳುತ್ತೇನೆ. ನಗಬೇಡಿ.

ಅತ್ತೆಯವರಿಗೆ ಅದನ್ನು ಬಿಚ್ಚಲು ಮನಸ್ಸೇ ಇಲ್ಲ. "ಕಲಾದಗಿ ಸಾಹೇಬನ ಬಂಗ್ಲೇದಾಗ ಲಿಲಾವ ಹಿಡದು, ಕೊಣ್ಣೂರ ಹೊಳಿಯಾಗ ಎರಡ ಚಕ್ಕಡಿ ಜೋಡಿಸಿ ದಾಟಿಸಿದ್ರಂತ ನಮ್ಮ ಮಾವ. ಮೊಣಕಾಲ ನೋವಂತ ನೆಲಕ್ಕ ಕುಂಡ್ರಾಕ ಆಗತಿರಲಿಲ್ಲ. ಸಾಯೂತನಕ ಈ ಪೆಟ್ಟಿಗಿ ಮುಂದನ ಕುಂತ, ಇದರ ಮ್ಯಾಲನ ಎಲ್ಲಾ ಇಟಗೊಂಡು ಲಿಂಗಪೂಜಿ ಮಾಡಿದರು. ಮದರಸಾಬ, ಮದಲ ಊದಿನಕಡ್ಡಿ ಹಚ್ಚು, ಆಮ್ಯಾಲ ಹತಾರ ಹಚ್ಚು" ಎಂದರು. ಅವನು ಹಚ್ಚಿದ.

ಇನ್ನು ನನ್ನ ಸುದ್ದಿ. ನಮ್ಮ ಕೂಸು ಕಳಕವ್ವನಿಗೆ ಆರಾಮಿಲ್ಲ. ಹೊಟ್ಟೆ ಕಟ್ಟಿದೆ. ಮೊಲೆಗೆ ಬಾಯಿ ಹಾಕಿ ಬಿಟ್ಟುಬಿಡುತ್ತಾಳೆ. ಕಾಲು ಹೊಟ್ಟೆಗೆ ಮಡಚಿಕೊಂಡು ಅಳುತ್ತಾಳೆ, ಆಮೇಲೆ ಅಳು ಒಮ್ಮೆಲೇ ನಿಂತು ತೋಯ್ದ ಅರಿವೆಯಂತೆ ಬಿದ್ದುಕೊಳ್ಳುತ್ತಾಳೆ. ಆ ಸುಮ್ಮನಿರುವಿಕೆಯೇ ನನಗೆ ಭಯ. ಡಾಕ್ಟರು "ಎಂಟು ತಿಂಗಳ ಕೂಸು, ಹಲ್ಲು ಬರುತ್ತಿವೆ" ಎಂದರು. ಬೆರಳಿಟ್ಟು ನೋಡಿದೆ, ಒಸಡಿನಲ್ಲಿ ಹಲ್ಲಿನ ಸುಳಿವೂ ಇಲ್ಲ. ನನಗೆ ನಿದ್ದೆ ಇಲ್ಲ.

ಅಲ್ಲಿ ನಮಗೆ ಮನೆ ಸಿಕ್ಕಿತೇ?

ನಿಮ್ಮ
ಸುಶೀಲಾ


ಪುಣೆ
೧೦ ನವೆಂಬರ್ ೧೯೫೪

ಪ್ರಿಯ ಸುಶೀಲಾ,

ಹಲ್ಲು ಬರುವಾಗ ನಾನು ಇಡೀ ಓಣಿಯನ್ನೇ ಎಬ್ಬಿಸಿದ್ದೆನಂತೆ. ಮಗಳು ಅಪ್ಪನ ಹೆಸರು ಉಳಿಸುತ್ತಿದ್ದಾಳೆ. ಡಾಕ್ಟರು ಹೇಳಿದ ಮೇಲೂ ನಿನ್ನ ಬೆರಳಿನ ಪರೀಕ್ಷೆಯೇ ದೊಡ್ಡದೇ?

ಮದರಸಾಬನ ಬೆನ್ನು ಬಿಡು. ಯುಗಾದಿಯ ಹೊತ್ತಿಗೆ ಪಿಯಾನೊ ಧಾರವಾಡದ ಹೆಣ್ಣುಮಕ್ಕಳ ಸಾಲೆಯ ಹೊಸ ಸಂಗೀತ ಮಂದಿರದಲ್ಲಿ ಇರಬೇಕು. ಅದನ್ನು ತಂದ ಮಹಾಲಿಂಗಪ್ಪಜ್ಜನ ಹೆಸರು ಅದರ ಮೇಲೆ ಬರೆಸುತ್ತಾರೆ. ನಾನು ಮಾತು ಕೊಟ್ಟಿದ್ದೇನೆ. ಅವನು ಮುನಿಸಿಕೊಂಡು ಹೋದರೆ ಈ ಸೀಮೆಯಲ್ಲಿ ಬೇರೆ ಯಾರೂ ಸಿಗುವುದಿಲ್ಲ.

ಅವ್ವ ನಾಲ್ಕು ಮಕ್ಕಳನ್ನು ಸಾಕಿದವಳು. ಅವಳ ಕೈಗೆ ಕೂಸನ್ನು ಕೊಟ್ಟು ನೀನು ಮಲಗು.

ಮನೆ ನೋಡುತ್ತಿದ್ದೇನೆ. ಪುಣೆಯಲ್ಲಿ ಅಷ್ಟು ಲಗೂ ಸಿಗುವುದಿಲ್ಲ.

ಅಂದಾನೆಪ್ಪ


ನರಗುಂದ
೨೧ ನವೆಂಬರ್ ೧೯೫೪

ನಮಸ್ಕಾರಗಳು.

ಈ ಪತ್ರ ಓದಿ ಹರಿದುಬಿಡಿ.

ಕೆಲಸದ ತಿಪ್ಪವ್ವ ನಿಮಗೆ ಗೊತ್ತಲ್ಲ, ಜಕ್ಕಲಿಯವಳು. ಕೂಸು ಅರೆಗಣ್ಣು ತೆರೆದು ಬಿದ್ದದ್ದನ್ನು ನೋಡಿ ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. "ಏನ ಕೊಟ್ಟೀರಿ ಇದಕ್ಕ?" ಎಂದಳು. ಏನೂ ಇಲ್ಲ ಎಂದೆ. "ನಮ್ಮ ಹುಡುಗರು ಹಿಂಗ ಬೀಳತಿದ್ದುವು. ಹೊಲಕ್ಕ ಹೋಗೂ ಮುಂದ ಸಾಸಿವಿಕಾಳಷ್ಟು ಅಫೀಮು ನೆಕ್ಕಿಸಿ ಹೋಗತಿದ್ದೆ. ಹೊಟ್ಟಿ ಕಟ್ಟತದ, ಅಳೂದಿಲ್ಲ, ಮಕ್ಕೊಂಡ ಬಿಡತದ" ಎಂದು ಮಕ್ಕಳನ್ನು ಜೋಳಿಗೆಯಲ್ಲಿ ತೂಗಿದ ದಿನಗಳನ್ನು ನೆನೆದಳು. ಅವಳಿಗೆ ಅದು ತಪ್ಪೆಂದೇ ಅನಿಸಿರಲಿಲ್ಲ.

ಅವತ್ತಿನಿಂದ ನಾನು ನೋಡುತ್ತಿದ್ದೇನೆ. ಮದರಸಾಬ ಶನಿವಾರ ಗದಗಿಗೆ ಹೋಗಿ ಸೋಮವಾರ ಬರುತ್ತಾನೆ. ಗದಗಿನಲ್ಲಿ ಅಫೀಮಿನ ಅಂಗಡಿ ಇದೆ ಎಂದು ತಿಪ್ಪವ್ವನೇ ಹೇಳಿದಳು. ನಾನು ಬಚ್ಚಲಿಗೋ ಹಿತ್ತಲಿಗೋ ಹೋದಾಗಲೇ ಅತ್ತೆಯವರು ಪಡಸಾಲೆಗೆ ಬರುತ್ತಾರೆ. ಕಳೆದ ಸೋಮವಾರ ಬಾಗಿಲ ಸಂದಿಯಿಂದ ನೋಡಿದೆ. ಅವನು ಪಟ್ಟಿಗಳ ನಡುವೆ ಕೂತಲ್ಲಿಂದಲೇ ಕಾಗದದ ಸಣ್ಣ ಪುಡಿಕೆ ಚಾಚಿದ. ಅವರು ಅದನ್ನು ಕಣ್ಣಿಗೊತ್ತಿಕೊಂಡಂತೆ ಮಾಡಿ ಸೆರಗಿಗೆ ಗಂಟು ಹಾಕಿಕೊಂಡರು. ನನ್ನನ್ನು ಕಂಡದ್ದೇ ಇಬ್ಬರೂ ಮಾತು ನಿಲ್ಲಿಸಿದರು.

"ಏನ್ರಿ ಅತ್ತಿ, ಅದು?" ಎಂದೆ.

"ಏನಿಲ್ಲವಾ. ನನ್ನದೊಂದು ಸಾಮಾನು."

"ಕೂಸಿಗೆ ಬಾಯಿಗೆ ಏನರೆ ಹಾಕತೀರೇನ್ರಿ?"

"ಬಾಯಿಗೆ ಕಾಸಿದ ನೀರ ಬಿಟ್ಟ ಏನೂ ಹಾಕಬ್ಯಾಡ್ರಿ ಅಂತ ನೀನ ಕಾಯ್ದೆ ಮಾಡೀದಿ. ಕಾಲೇಜಿನವರ ಕಾಯ್ದೆ, ಮುರ್ಯಾಕ ನಾ ಯಾರು?" ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕೂಸಿನ ಕಣ್ಣುಗುಡ್ಡೆ ನೋಡುತ್ತಾ ಕೂಡುತ್ತೇನೆ. ಅಫೀಮು ಕೊಟ್ಟರೆ ಕರಿಬೊಟ್ಟು ಸಣ್ಣದಾಗುತ್ತದೆ ಎಂದು ಓದಿದ್ದೆ. ಒಮ್ಮೆ ಸಣ್ಣದಾಗಿ ಕಾಣುತ್ತದೆ, ಒಮ್ಮೆ ಇಲ್ಲ. ಬೆಳಕಿನದೋ ನನ್ನ ಕಣ್ಣಿನದೋ ತಿಳಿಯದು. ಈಗ ಅವಳನ್ನು ಅತ್ತೆಯವರ ಕೈಗೆ ಕೊಡುತ್ತಿಲ್ಲ. ಬೆನ್ನಿಗೆ ಕಟ್ಟಿಕೊಂಡೇ ರೊಟ್ಟಿ ಬಡಿಯುತ್ತೇನೆ. ಅವರು ಏನೂ ಅನ್ನುವುದಿಲ್ಲ. ಅನ್ನದೇ ಇರುವುದೂ ನನಗೆ ಸರಿಬರುವುದಿಲ್ಲ.

ನೀವು ಬನ್ನಿ, ಇಲ್ಲವೇ ನಮ್ಮನ್ನು ಕರೆಸಿಕೊಳ್ಳಿ. ಒಂದು ಖೋಲಿ ಆದರೂ ಸಾಕು.

ಸುಶೀಲಾ


ಪುಣೆ
೨೭ ನವೆಂಬರ್ ೧೯೫೪

ಸುಶೀಲಾ,

ಹರಿಯಲು ಹೇಳಿದ್ದೆ, ಹರಿದೆ. ಎರಡು ಸಲ ಓದಿದ ಮೇಲೆ ಹರಿದದ್ದು ತಪ್ಪಾಯಿತು, ಮೊದಲೇ ಹರಿಯಬೇಕಿತ್ತು.

ಆ ಮೊಮ್ಮಗಳಿಗೆ ತನ್ನ ತವರು ಗಜೇಂದ್ರಗಡದ ಕಳಕಪ್ಪ ದೇವರ ಹೆಸರಿಡಿಸಲು ಅವ್ವ ಎಷ್ಟು ದಿನ ನಿನ್ನನ್ನು ಬೇಡಿದಳು, ಮರೆತೆಯಾ? ಆ ಕೈ ಅಫೀಮು ಕೊಡುತ್ತದೆ ಎಂದು ಬರೆಯುವಾಗ ನಿನ್ನ ಪೆನ್ನು ನಿಲ್ಲಲಿಲ್ಲವೇ? ನಿದ್ದೆಗೆಟ್ಟ ತಲೆಯಲ್ಲಿ ಎಲ್ಲವೂ ಹಾವಾಗಿ ಕಾಣುತ್ತದೆ.

ಹುಡುಗರ ಪರೀಕ್ಷೆ ಮುಗಿಯುವವರೆಗೆ ಕಾಲೇಜಿನಿಂದ ರಜೆ ಸಿಗುವುದಿಲ್ಲ. ಅಲ್ಲಿಯವರೆಗೆ ಆ ಮನೆಯಲ್ಲಿ ಸೊಸೆಯಂತೆ ಇರು, ಪೋಲೀಸನಂತೆ ಅಲ್ಲ.

ಅಂದಾನೆಪ್ಪ


ನರಗುಂದ
೧೨ ಡಿಸೆಂಬರ್ ೧೯೫೪

ನಮಸ್ಕಾರಗಳು.

ನೀವು ಗೆದ್ದಿರಿ.

ಸೋಮವಾರ ಮತ್ತೆ ಪುಡಿಕೆ ಕೈ ಬದಲಾಯಿತು. ಈ ಸಲ ನಾನು ಬಾಗಿಲ ಹಿಂದೆ ನಿಲ್ಲಲಿಲ್ಲ. ನೇರ ಹೋಗಿ ಅತ್ತೆಯವರ ಸೆರಗು ಹಿಡಿದು ಗಂಟು ಬಿಚ್ಚಿದೆ. ಮದರಸಾಬ ಎದ್ದು ನಿಂತ, ತಿಪ್ಪವ್ವ ಒಳಗಿನಿಂದ ಓಡಿಬಂದಳು. ಪುಡಿಕೆಯಲ್ಲಿದ್ದದ್ದು ಬಿಳಿ ಬೂದಿ. ಅಫೀಮು ಕಪ್ಪಗೆ ಅಂಟಂಟು ಇರುತ್ತದೆ ಎಂದು ನನಗೂ ಗೊತ್ತು.

"ನಮ್ಮ ಮಾವನ ವಿಭೂತಿ" ಎಂದರು ಅತ್ತೆ. "ಅವರು ಪೂಜಿ ಮಾಡೂ ಮುಂದ ಹಣಿಗೆ ಹಚಗೊಂಡದ್ದು ಉದರಿ ಉದರಿ ಪೆಟ್ಟಿಗಿ ಸಂದಿಯೊಳಗ ಬಿದ್ದದ್ದು. ಪಟ್ಟಿ ಎಳದ ದಿನಾನ ಕಂಡಿತ್ತು ನನಗ, ಅವತ್ತನ ಒಂದಿಷ್ಟು ತಗೊಂಡಿದ್ದೆ. ಕಸದಾಗ ಹೋಗಬಾರದು, ತಗದ ಕೊಡು ಅಂತ ಈತಗ ಹೇಳಿದ್ದೆ. ಮರಿಮೊಮ್ಮಗಳಿಗೆ ಮುತ್ತಜ್ಜನ ಆಶೀರ್ವಾದ, ಹಣಿಗಿಷ್ಟು ನಾಲಿಗಿಗಿಷ್ಟು. ನಿನಗ ಹೇಳಿದ್ರ ಬ್ಯಾಡಂತಿದ್ದಿ."

ಆಮೇಲೆ ಕೆಳಗೆ ಕೂತುಬಿಟ್ಟರು.

"ಅಫೀಮು ಅಂತ ತಿಳದ್ಯಾ ಸುಶೀಲಾ? ಹಾಲಿನ ಕೂಸಿಗೆ ನಾ ಅಫೀಮು ಕೊಡತೇನಾ?"

ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ಮದರಸಾಬ ಏನೋ ಹೇಳಲು ಬಾಯಿ ತೆರೆದ, ನನ್ನ ಮುಖ ನೋಡಿ ಮುಚ್ಚಿದ. ಅತ್ತೆಯವರ ಕಾಲಿಗೆ ಬಿದ್ದೆ. ಅವರು ಎಬ್ಬಿಸಲಿಲ್ಲ, ಆದರೆ ಕಾಲು ಹಿಂದೆ ತೆಗೆದುಕೊಳ್ಳಲೂ ಇಲ್ಲ.

ತಪ್ಪಿಗೆ ದಂಡ ಕಟ್ಟಬೇಕಲ್ಲ. ಕೂಸನ್ನು ಅವರ ತೊಡೆಯ ಮೇಲೆ ಇಟ್ಟೆ. ಈಗ ಮುಂಜಾನೆ ಸಂಜೆ ವಿಭೂತಿಯನ್ನು ಜೇನುತುಪ್ಪದಲ್ಲಿ ನಾನೇ ಕಲಸಿ ನೆಕ್ಕಿಸುತ್ತೇನೆ. ಅತ್ತೆಯವರು ಪಕ್ಕದಲ್ಲಿ ಕೂತು ಷಡಕ್ಷರಿ ಮಂತ್ರ ಹೇಳುತ್ತಾರೆ. ಇಟಗಿಯ ಭೀಮವ್ವನಿಗೆ ಹರಕೆಯನ್ನೂ ಹೊತ್ತಿದ್ದಾರೆ. ಮನೆಯಲ್ಲಿ ಮತ್ತೆ ಮಾತು ಶುರುವಾಗಿದೆ. ನಿನ್ನೆ ರೊಟ್ಟಿ ಬಡಿಯುವಾಗ "ಕಾಲೇಜಿನಾಗ ರೊಟ್ಟಿ ದುಂಡಗ ಮಾಡೂದ ಕಲಸಲಿಲ್ಲೇನು?" ಎಂದು ಚುಚ್ಚಿದರು, ನನಗೆ ಜೀವ ಬಂದಂತಾಯಿತು.

ಕೂಸು ಇನ್ನೂ ಹಾಗೇ ಇದೆ. ಸ್ವಲ್ಪ ಬಿಳಿಚಿಕೊಂಡಿದೆ. ಇನ್ನು ಯಾರ ಮೇಲೂ ಸಂಶಯ ಪಡುವುದಿಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೇನೆ.

ನಿಮ್ಮ
ಸುಶೀಲಾ


ಹುಬ್ಬಳ್ಳಿ, ದವಾಖಾನೆ
೮ ಜನವರಿ ೧೯೫೫

ತಂತಿ ತಲುಪಿರಬೇಕು. ಔಷಧದ ಹೆಸರನ್ನು ಡಾಕ್ಟರೇ ಬರೆದುಕೊಟ್ಟಿದ್ದರು. ಇಲ್ಲಿ ಸಿಗುವುದಿಲ್ಲ. ಮುಂಬೈಯಲ್ಲೋ ಪುಣೆಯಲ್ಲೋ ಹುಡುಕಿ ನೀವೇ ತರಬೇಕು. ತಂತಿಯಲ್ಲಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪತ್ರಕ್ಕಿಂತ ಮೊದಲು ನೀವೇ ಬಂದರೆ ಇನ್ನೂ ಒಳ್ಳೆಯದು.

ಗುರುವಾರ ಮುಂಜಾನೆ ಮದರಸಾಬನಿಗೆ ಚಹಾ ಕೊಡಲು ಹೋಗಿದ್ದೆ. ಅವನು ಮೂಗಿಗೆ ವಸ್ತ್ರ ಕಟ್ಟಿಕೊಂಡು ಒಂದೊಂದೇ ಪಟ್ಟಿಯನ್ನು ಅಡ್ಡ ಹಿಡಿದು ಅದರ ಹೊಟ್ಟೆಯಿಂದ ದುಂಡನೆಯ ಬಿಲ್ಲೆ ಕೀಳುತ್ತಿದ್ದ. ಬಿಲ್ಲೆ ಉಬ್ಬಿ ಕಟ್ಟಿಗೆ ಸೀಳಿತ್ತು. ಅದರ ಮೈತುಂಬ ಬಿಳಿ ಪುಡಿ.

"ಇದೇನು, ಮದರಸಾಬ?"

"ಸೀಸ ರೀ ಅಕ್ಕಾರ. ಪಟ್ಟಿ ತೂಕ ಸಮ ಆಗಲಿ ಅಂತ ಹಾಕಿರತಾರ. ಹಳೇದಾತಂದ್ರ ಹಿಂಗ ಬೆಳ್ಳಗ ಬೂಷ್ಟ ಬಂದ ಉದರತೇತಿ."

"ಅತ್ತಿಯವರಿಗೆ ಕೊಡತಿದ್ದೆಲ್ಲ, ಆ ಪುಡಿ?"

ಅವನು ಬಿಲ್ಲೆಯನ್ನು ಕೆಳಗಿಟ್ಟ.

"ಅಜ್ಜಾರ ವಿಭೂತಿ ಅಂತ ಅವ್ವಾರ ಅಂದ್ರು. ನಾ ಸಾಬರ ಮಂದಿ. ನಿಮ್ಮ ದೇವರ ಮಾತಿನಾಗ ಹ್ಯಾಂಗ ಬಾಯಿ ಹಾಕಲಿ? ಅಜ್ಜಾರದೂ ಒಂದಿಷ್ಟು ಇದ್ದೀತು ಅಂದಕೊಂಡೆ. ಹಣಿಗೆ ಹಚ್ಚತಾರ ಅಂತ ತಿಳದಿದ್ದೆ ರೀ, ಖರೇನ."

ಅಡಿಗೆಮನೆಗೆ ಓಡಿದೆ. ಇಂಟರ್ ಸೈನ್ಸಿನಲ್ಲಿ ನಾವು ಮಾಡುತ್ತಿದ್ದ ಪರೀಕ್ಷೆ: ಇದ್ದಿಲಿನಲ್ಲಿ ಗುಳಿ ಕೊರೆದು, ಪುಡಿ ಇಟ್ಟು, ಕೊಳವೆಯಿಂದ ಉರಿಯನ್ನು ಅದರ ಮೇಲೆ ಊದುವುದು. ಒಲೆಯ ಊದುಗೊಳವೆಯೇ ಸಾಕಾಯಿತು. ಸಗಣಿಯ ಬೂದಿ ಎಷ್ಟು ಊದಿದರೂ ಬೂದಿಯೇ. ಬಟ್ಟಲಿನ ಈ ಪುಡಿ ಮೊದಲು ಹಳದಿಯಾಯಿತು, ಆಮೇಲೆ ಗುಳಿಯ ತಳದಲ್ಲಿ ಸಾಸಿವೆಯಷ್ಟು ಹೊಳೆಯುವ ಹನಿ ನಿಂತಿತು. ಆರಿದ ಮೇಲೆ ಕಾಗದಕ್ಕೆ ಗೀಚಿದೆ. ಪೆನ್ಸಿಲಿನಂತೆ ಗೆರೆ ಬಿತ್ತು.

ಪರೀಕ್ಷೆಗೆ ಬೇಕಾದ ಇದ್ದಿಲೂ ಊದುಗೊಳವೆಯೂ ಇಷ್ಟು ದಿನ ನನ್ನ ಒಲೆಯ ಬಾಯಲ್ಲೇ ಇದ್ದವು. ಅದೇ ಒಲೆಯ ಪಕ್ಕದಲ್ಲಿ ಕೂತು ನಾನು ಜೇನಿನಲ್ಲಿ ಕಲಸುತ್ತಿದ್ದೆ.

ಅತ್ತೆಯವರಿಗೆ ಏನೂ ಹೇಳಲಿಲ್ಲ. ವಿಭೂತಿಯ ಬಟ್ಟಲನ್ನು ಬಚ್ಚಲಿಗೆ ಸುರಿದು, ಕೂಸನ್ನು ಎತ್ತಿಕೊಂಡು ಬಸ್ಸಿಗೆ ನಡೆದೆ. "ಮಾವನ ವಿಭೂತಿ ಬಚ್ಚಲಕ್ಕ ಚೆಲ್ಲಿದಿ! ಏನ ಬಂದೇತಿ ನಿನಗ?" ಎಂದು ಹಿಂದಿನಿಂದ ಕೂಗಿದ್ದು ಓಣಿಯ ತುದಿಯವರೆಗೂ ಕೇಳುತ್ತಿತ್ತು. ನವಲಗುಂದ ದಾಟಿದ ಮೇಲೆ ಕೂಸಿಗೆ ಸೆಳೆತ ಬಂತು. ಬಾಯಲ್ಲಿ ನೊರೆ. ಡ್ರೈವರ್ ನಡುವೆ ಎಲ್ಲೂ ನಿಲ್ಲಿಸಲಿಲ್ಲ, ದವಾಖಾನೆಯ ಬಾಗಿಲಿಗೇ ತಂದು ನಿಲ್ಲಿಸಿದ.

ರಕ್ತ ನೋಡಿದರು. ಸೀಸವೇ. ಡಾಕ್ಟರು "ಸಮಯಕ್ಕೆ ತಂದಿರಿ" ಎಂದೂ ಅನ್ನುವುದಿಲ್ಲ, "ತಡವಾಯಿತು" ಎಂದೂ ಅನ್ನುವುದಿಲ್ಲ. ಅವರ ಮುಖವನ್ನೇ ನೋಡುತ್ತ ಕೂತಿದ್ದೇನೆ.

ಔಷಧ ತನ್ನಿ.

ಸುಶೀಲಾ


ಪುಣೆ
೨೪ ಜನವರಿ ೧೯೫೫

ಪ್ರಿಯ ಸುಶೀಲಾ,

ಸುಖವಾಗಿ ತಲುಪಿದೆ. ಹುಬ್ಬಳ್ಳಿಯ ಆ ಎರಡು ದಿನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಸೂಜಿ ಚುಚ್ಚಿದಾಗ ಅವಳು ಅತ್ತಳಲ್ಲ, ಅಷ್ಟು ಜೋರಾಗಿ ಅತ್ತದ್ದಕ್ಕೆ ನೀನು ನಕ್ಕೆ. ಆಗ ನನಗೆ ಧೈರ್ಯ ಬಂತು.

ರೈಲು ಹೊರಡುವಾಗ ಹೇಳಿದ್ದನ್ನೇ ಮತ್ತೆ ಬರೆಯುತ್ತೇನೆ. ಅವ್ವನಿಗೆ ಹೇಳಬೇಡ. ಬಾವಿಯ ನೀರು ಕೆಟ್ಟಿತ್ತು ಎಂದು ನಾನು ಅವಳಿಗೆ ಹೇಳಿಸಿದ್ದೇನೆ. ತನ್ನ ಕೈಯಾರೆ ಕೊಟ್ಟೆ ಎಂದು ತಿಳಿದರೆ ಅವಳು ಉಳಿಯುವುದಿಲ್ಲ. ವಿಭೂತಿ ಚೆಲ್ಲಿದ್ದಕ್ಕೆ ನಿನ್ನನ್ನು ಬೈಯುತ್ತಾಳೆ. ಬೈಸಿಕೋ, ನನಗಾಗಿ.

ಅಂದಾನೆಪ್ಪ


ನರಗುಂದ
೬ ಫೆಬ್ರುವರಿ ೧೯೫೫

ನಮಸ್ಕಾರಗಳು.

ಕಳಕವ್ವ ಕೂಡುತ್ತಾಳೆ. ಕಾಗೆಯನ್ನು ನೋಡಿದರೆ ಕೈ ಬಡಿಯುತ್ತಾಳೆ. ಕುತ್ತಿಗೆ ಇನ್ನೂ ಸ್ವಲ್ಪ ಓಲುತ್ತದೆ. ಹುಬ್ಬಳ್ಳಿಗೆ ತಿಂಗಳಿಗೊಮ್ಮೆ ತೋರಿಸಲು ಹೇಳಿದ್ದಾರೆ. ಮದರಸಾಬ ಹಳೆಯ ಸೀಸವನ್ನೆಲ್ಲ ತೆಗೆದು ಊರಾಚೆ ಆಳವಾಗಿ ಹೂತು ಬಂದ. ಪಡಸಾಲೆಯನ್ನು ನಾನು ತಿಪ್ಪವ್ವ ಸೇರಿ ಒದ್ದೆ ಅರಿವೆಯಿಂದ ಒರೆಸಿದೆವು. ಇಷ್ಟು ನಿಮಗೆ ಸಂತೋಷದ ಸುದ್ದಿ.

ಇನ್ನೊಂದನ್ನು ಕೇಳಿ. ನಿಮ್ಮ ಮಾತು ಉಳಿಸಲು ನನ್ನಿಂದ ಆಗಲಿಲ್ಲ.

ನಾನು ಬೈಸಿಕೊಂಡೆ. ದೇವರಿಲ್ಲದಾಕಿ, ಹಿರಿಯರಿಲ್ಲದಾಕಿ, ಎಲ್ಲವನ್ನೂ. ಅದು ಕಷ್ಟವಾಗಲಿಲ್ಲ. ಆದರೆ ವಾರದಿಂದ ಅತ್ತೆಯವರು ಹೊಟ್ಟೆ ಹಿಡಿದುಕೊಂಡು ಕೂಡುತ್ತಿದ್ದರು. "ವಯಸ್ಸಾತು, ಹೊಟ್ಟಿ ಹಿಂಡತೇತಿ" ಎನ್ನುತ್ತಿದ್ದರು. ಊಟ ಬಿಟ್ಟಿದ್ದರು. ನಾನು ಮತ್ತೆ ಅವರನ್ನು ಕಾಯಲು ಶುರು ಮಾಡಿದೆ. ಇಂದು ಮುಂಜಾನೆ ಲಿಂಗಪೂಜೆ ಮುಗಿಸಿ, ದೇವರ ಜಗುಲಿಯ ಹಿಂದೆ ಉಳಿಸಿಟ್ಟಿದ್ದ ಒಂದು ಪುಡಿಕೆ ತೆಗೆದು, ಚಿಟಿಕೆ ಹಿಡಿದು ಬಾಯಿಗೆ ಹಾಕಿಕೊಂಡರು. ಕೂಸು ಗುಣವಾಗಲೆಂದು ಹರಕೆಯಂತೆ. ನಾನು ಹುಬ್ಬಳ್ಳಿಗೆ ಹೋದ ದಿನದಿಂದ ದಿನಾ.

"ಅತ್ತಿ, ಅದನ್ನ ಉಗುಳ್ರಿ."

"ಇದಕ್ಕೂ ಸಂಶೇ ಬಂತೇನು ನಿನಗ?"

"ಉಗುಳ್ರಿ ಮದಲ. ಹೇಳತೇನಿ."

ಹೇಳಿದೆ. ಏನು ಮಾಡಲಿ, ಸುಮ್ಮನಿದ್ದಿದ್ದರೆ ಅವರು ನಾಳೆಯೂ ತಿನ್ನುತ್ತಿದ್ದರು. ಪಟ್ಟಿಯ ಸೀಸ, ಇದ್ದಿಲಿನ ಹನಿ, ರಕ್ತ, ಸೂಜಿ, ಎಲ್ಲ ಹೇಳಿದೆ.

"ಮಾವನ ವಿಭೂತಿ ಅಲ್ಲ ಅದು?"

"ಅಲ್ರಿ."

"ಅಂದಾನಿಗೆ ಗೊತ್ತೈತಿ?"

"ಗೊತ್ತೈತ್ರಿ."

"ಬಾವಿ ನೀರ ಅಂತ ಹೇಳಿಸಿದ್ದ."

ಅವರು ಪುಡಿಕೆಯನ್ನು ನೆಲದ ಮೇಲಿಟ್ಟು ದೂರ ಸರಿಸಿದರು, ಕಡಿಯುವ ಹುಳವನ್ನು ಸರಿಸಿದಂತೆ.

"ಅಫೀಮು ಅಂದಿ ಅಂತ ಎಷ್ಟ ಅತ್ತಿದ್ದೆ ನಾ. ಅಫೀಮ ಆಗಿದ್ರ ಅವತ್ತ ನಿಂದರತಿತ್ತಲ್ಲ ಸುಶೀಲಾ."

ಮತ್ತೆ ಅವರೇ ಕೇಳಿದರು.

"ನಾ ಕೊಟ್ಟದ್ದೆಷ್ಟು, ನೀ ಕೊಟ್ಟದ್ದೆಷ್ಟು?"

"ನಾನ ಹೆಚ್ಚ ಕೊಟ್ಟೇನ್ರಿ. ನೀವು ಕದ್ದು ಯಾವಾಗರೆ ಒಮ್ಮೆ ಹಚ್ಚತಿದ್ರಿ. ನಾ ಎರಡೂ ಹೊತ್ತು, ಬಟ್ಟಲದಾಗ."

ಇದು ಸುಳ್ಳಲ್ಲ. ಸಮಾಧಾನಕ್ಕೆ ಹೇಳಿದ್ದೂ ಅಲ್ಲ. ಅವರು ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ.

ನಾಳೆ ಅವರನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೇನೆ. ಪತ್ರ ಸಿಕ್ಕ ಕೂಡಲೇ ನೀವು ಅಲ್ಲಿಗೆ ಬನ್ನಿ. ಪರೀಕ್ಷೆ, ರಜೆ, ಮನೆ ಯಾವುದನ್ನೂ ಬರೆಯಬೇಡಿ. ನಿಮ್ಮ ಅವ್ವನಿಗೆ ನೀವೇ ಮುಖ ತೋರಿಸಿ ಮಾತಾಡಬೇಕು.

ಮಧ್ಯಾಹ್ನ ಕೂಸು ಅವರ ಕಡೆ ತೆವಳುತ್ತ ಹೋಯಿತು. ಅವರು ಗೋಡೆಗೆ ಸರಿದು, "ತಿಪ್ಪವ್ವಾ, ಎತ್ತಿಕೋ ಇದನ್ನ. ನನ್ನ ಕೈಯಾಗ ಬ್ಯಾಡ" ಎಂದರು. ತಿಪ್ಪವ್ವನಿಗೆ ಏನೂ ಗೊತ್ತಿಲ್ಲ, ಅವಳು ನನ್ನ ಮುಖ ನೋಡಿದಳು. ನಾನು ಕೂಸನ್ನು ಎತ್ತಿ ಅತ್ತೆಯವರ ತೊಡೆಯ ಮೇಲೆ ಕೂಡಿಸಿದೆ. ಅವರು ಹಿಟ್ಟು ಮೆತ್ತಿದ ಕೈಗಳನ್ನು ಎತ್ತಿಕೊಂಡಂತೆ ಎರಡೂ ಕೈ ಮೇಲಕ್ಕೆ ಹಿಡಿದರು.

"ಬ್ಯಾಡ ಸುಶೀಲಾ, ತಗೋ."

ನಾನು ಎರಡು ಹೆಜ್ಜೆ ಹಿಂದೆ ಹೋಗಿ ನಿಂತೆ. ಕೂಸಿನ ಕುತ್ತಿಗೆ ಓಲಿತು. ತೊಡೆಯ ಮೇಲಿನಿಂದ ಒಂದು ಪಕ್ಕಕ್ಕೆ ಜಾರತೊಡಗಿತು. ನಾನು ಕೈ ಚಾಚಲಿಲ್ಲ.

ಅತ್ತೆ ಹಿಡಿದುಕೊಂಡರು.

ಸುಶೀಲಾ